ಛತ್ರಾಕವಿಚಾರ: ಅಣಬೆಯ ಆಶ್ರಯಭೇದವೂ ಗುಣದೋಷಗಳೂ

ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ದ್ವಿಜರಿಗೆ ಅಭಕ್ಷ್ಯವಾದ ಪದಾರ್ಥಗಳನ್ನು ಎಣಿಸುವಲ್ಲಿ ಬೆಳ್ಳುಳ್ಳಿ ನೀರುಳ್ಳಿಗಳೊಡನೆ ಕವಕವೂ, ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ ಊರಹಂದಿಯೇ ಮೊದಲಾದುವುಗಳೊಡನೆ ಛತ್ರಾಕವೂ ಹೇಳಲ್ಪಟ್ಟಿವೆ. ಆರನೆಯ ಅಧ್ಯಾಯದಲ್ಲಿ ವಾನಪ್ರಸ್ಥನು ಬಿಡತಕ್ಕವುಗಳಲ್ಲಿ ಮತ್ತೆ ಕವಕದ ಹೆಸರು ಬಂದಿದೆ. ಯಾಜ್ಞವಲ್ಕ್ಯಸ್ಮೃತಿಯ ಅಭಿಪ್ರಾಯವೂ ಇದಕ್ಕೆ ಬೇರೆಯಲ್ಲ. ಆದರೆ ಇದೇ ವಸ್ತುವು ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೇಳನೆಯ ಅಧ್ಯಾಯದಲ್ಲಿಯೂ ಸುಶ್ರುತಸಂಹಿತೆಯ ಸೂತ್ರಸ್ಥಾನದ ನಲವತ್ತಾರನೆಯ ಅಧ್ಯಾಯದಲ್ಲಿಯೂ ಶಾಕಗಳ ಪಂಕ್ತಿಯಲ್ಲಿ ಕುಳಿತು, ಇತರ ಶಾಕಗಳಂತೆಯೇ ರಸವೀರ್ಯವಿಪಾಕಗಳಿಂದ ಪರೀಕ್ಷಿಸಲ್ಪಟ್ಟಿದೆ. ಇಂದಿನ ಪೇಟೆಯಲ್ಲಾದರೋ ಅದು ಮಾಂಸಕ್ಕೆ ಸಮನಾದ ಆಹಾರವೆಂದೂ, ಮಧುಮೇಹ ಅರ್ಬುದಾದಿಗಳಿಗೆ ಔಷಧವೆಂದೂ ಹೊಗಳಲ್ಪಟ್ಟು, ಪುಡಿಯಾಗಿಯೂ ಗುಳಿಗೆಯಾಗಿಯೂ ಮಾರಲ್ಪಡುತ್ತಿದೆ. ಹೀಗೆ ಒಂದೇ ವಸ್ತು ಧರ್ಮಶಾಸ್ತ್ರದಲ್ಲಿ ನಿಷಿದ್ಧ, ವೈದ್ಯಶಾಸ್ತ್ರದಲ್ಲಿ ವಿಚಾರ್ಯ, ಅಂಗಡಿಯಲ್ಲಿ ಅಮೃತ.

ಇವುಗಳಲ್ಲಿ ಧರ್ಮಶಾಸ್ತ್ರದ ನಿಷೇಧವು ಶುಚಿತ್ವವನ್ನು ಕುರಿತದ್ದೇ ಹೊರತು ದೇಹದ ಹಿತಾಹಿತಗಳನ್ನು ಕುರಿತದ್ದಲ್ಲ. ಬೆಳ್ಳುಳ್ಳಿಯನ್ನು ನಿಷೇಧಿಸಿದ ಸ್ಮೃತಿಯೂ ಅದನ್ನು ರಸಾಯನವೆಂದು ಹೊಗಳಿದ ವೈದ್ಯವೂ ಒಂದೇ ದೇಶದಲ್ಲಿ ಸಾವಿರಾರು ವರ್ಷ ಜೊತೆಯಾಗಿ ಬಾಳಿದುದೇ ಇದಕ್ಕೆ ನಿದರ್ಶನ. ಆದಕಾರಣ ಆ ನಿಷೇಧವನ್ನು ಅದರ ಅಧಿಕಾರಿಗಳಿಗೆ ಬಿಟ್ಟು, ಪ್ರಾಚೀನ ವೈದ್ಯರು ಅಣಬೆಯ ವಿಷಯದಲ್ಲಿ ಹೇಳಿದುದೇನು, ಅದು ಇಂದಿನ ರಸಾಯನಶಾಸ್ತ್ರ ಜೀವಶಾಸ್ತ್ರಗಳ ಪರೀಕ್ಷೆಗೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದಿಷ್ಟೇ ಇಲ್ಲಿ ವಿಚಾರಿಸತಕ್ಕ ವಿಷಯ.

ಮೊದಲು ಹೆಸರುಗಳು. ಸಂಸ್ಕೃತದಲ್ಲಿ ಛತ್ರಾಕ, ಛತ್ರಕ, ಭೂಮಿಚ್ಛತ್ರ ಎಂಬುವು ಕೊಡೆಯ ಆಕಾರದಿಂದ ಬಂದ ಹೆಸರುಗಳು. ನಮ್ಮ ನಾಯಿಕೊಡೆ ಎಂಬುದರಲ್ಲಿಯೂ ಅದೇ ಕೊಡೆಯುಂಟು, ಆದರೆ ನಾಯಿಯ ಪಾಲಿಗೆ ಬಿಟ್ಟ ಕೊಡೆಯೆಂಬ ತಿರಸ್ಕಾರವೂ ಸೇರಿದೆ. ಶಿಲೀಂಧ್ರವೆಂಬ ಪದ ಮೇಘದೂತದಲ್ಲಿ ಬಂದಿದೆ. ಗುಡುಗನ್ನು ಕೇಳಿ ಶಿಲೀಂಧ್ರಗಳನ್ನು ತಳೆದ ಭೂಮಿಯು ಫಲವತಿಯಾಗುವಳೆಂಬುದು ಅಲ್ಲಿಯ ಭಾವ. ಆ ಪದಕ್ಕೆ ಅಣಬೆಯೆಂದೂ ಒಂದು ಬಗೆಯ ಗಿಡವೆಂದೂ ಎರಡರ್ಥಗಳಿರುವುದರಿಂದ ವ್ಯಾಖ್ಯಾನಗಳಲ್ಲಿ ಭೇದಕ್ಕೆ ಎಡೆಯಾಗಿದೆ. ಇಂದು ಕನ್ನಡದ ವಿಜ್ಞಾನಗ್ರಂಥಗಳು ಅಣಬೆ, ಬೂಷ್ಟು, ಹುದುಗುಗಳೆಲ್ಲವನ್ನೊಳಗೊಂಡ ಇಡೀ ವರ್ಗಕ್ಕೆ ಶಿಲೀಂಧ್ರವೆಂಬ ಹೆಸರನ್ನೇ ಇಟ್ಟುಕೊಂಡಿವೆ. ಕನ್ನಡದ ಅಣಬೆ, ಅಳಂಬೆ, ತುಳುವಿನ ಅಲಂಬು ಇವು ಒಂದೇ ದೇಶ್ಯಮೂಲದವು. ಮರಾಠಿಯು ಸಹ ಈ ವಸ್ತುವನ್ನು ಅಳಂಬೆಯೆಂದೇ ಕರೆಯುವುದು. ಸಂಸ್ಕೃತಜನ್ಯವಾದ ಭಾಷೆಯೊಂದು ಛತ್ರಾಕವನ್ನು ಬಿಟ್ಟು ದಕ್ಷಿಣದ ಹೆಸರನ್ನು ಎತ್ತಿಕೊಂಡುದನ್ನು ನೋಡಿದರೆ, ಇದನ್ನು ಆಯ್ದು ತಿನ್ನುವ ರೂಢಿಯಲ್ಲಿ ಯಾರು ಯಾರಿಗೆ ಗುರುಗಳೆಂಬುದು ಊಹ್ಯವಾಗುತ್ತದೆ.

ಅಣಬೆಯು ಗಿಡವಲ್ಲ. ಗಿಡದ ಎಲೆಯಲ್ಲಿರುವ ಹಸುರು ಇದರಲ್ಲಿಲ್ಲವಾಗಿ, ಸೂರ್ಯನ ಬೆಳಕಿನಿಂದ ತನ್ನ ಆಹಾರವನ್ನು ತಾನು ಸಿದ್ಧಪಡಿಸಿಕೊಳ್ಳಲಾರದು. ಕೊಳೆಯುವ ಹುಲ್ಲು, ಮರ, ಗೊಬ್ಬರಗಳನ್ನಾಗಲಿ, ಬದುಕಿರುವ ಮರದ ಬೇರನ್ನಾಗಲಿ ಆಶ್ರಯಿಸಿಯೇ ಬಾಳತಕ್ಕದ್ದು. ಕಣ್ಣಿಗೆ ಕಾಣುವ ಕೊಡೆಯು ಅದರ ಫಲಮಾತ್ರ. ನೂಲಿನ ಎಳೆಗಳಂತಿರುವ ನಿಜವಾದ ಶರೀರವು ಆಶ್ರಯದ್ರವ್ಯದೊಳಗೆ ಹಬ್ಬಿಕೊಂಡಿರುತ್ತದೆ. ಗಿಡಗಳು ಪಿಷ್ಟವನ್ನು ಕೂಡಿಡುವಲ್ಲಿ ಇದು ಪ್ರಾಣಿಗಳಂತೆ ಗ್ಲೈಕೋಜನ್ ಎಂಬುದನ್ನು ಕೂಡಿಡುವುದು. ಇದರ ಕೋಶಭಿತ್ತಿಯಲ್ಲಿ ಏಡಿ ಸೀಗಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಎಂಬ ದ್ರವ್ಯವಿರುವುದು. ಈ ಕಾರಣಗಳಿಂದ ೧೯೬೯ರಲ್ಲಿ ಅಮೆರಿಕದ ವಿಟೇಕರ್ ಎಂಬ ವಿದ್ವಾಂಸನು ಜೀವಿಗಳನ್ನು ಐದು ರಾಜ್ಯಗಳಾಗಿ ವಿಭಾಗಿಸಿ, ಶಿಲೀಂಧ್ರಗಳಿಗೆ ಸಸ್ಯಗಳಿಂದ ಬೇರೆಯಾದ ಒಂದು ರಾಜ್ಯವನ್ನೇ ಕೊಟ್ಟನು. ಹದಿನಾರನೆಯ ಶತಮಾನದ ಭಾವಮಿಶ್ರನು ಭಾವಪ್ರಕಾಶದಲ್ಲಿ ಶಾಕಗಳನ್ನು ಎಲೆ, ಹೂ, ಕಾಯಿ, ನಾಳ, ಗೆಡ್ಡೆಗಳೆಂದು ಐದು ಮಾಡಿ, ಅಣಬೆಯು ಈ ಐದರಲ್ಲಿ ಯಾವುದಕ್ಕೂ ಸೇರದ ಕಾರಣ ಸಂಸ್ವೇದಜವೆಂಬ ಆರನೆಯ ಭೇದವನ್ನು ಹೇಳಿದನು. ಬೆವರಿನಿಂದ ಹುಟ್ಟುವುದೆಂಬ ಕಾರಣನಿರೂಪಣೆ ಇಂದು ನಿಲ್ಲದು. ಬೀಜಕ್ಕಿಂತಲೂ ಎಷ್ಟೋ ಸೂಕ್ಷ್ಮವಾದ ರೇಣುಗಳಿಂದ ಅಣಬೆ ಹುಟ್ಟುತ್ತದೆಂಬುದು ಸಿದ್ಧವಾಗಿದೆ. ಆದರೆ ಇದು ಎಲೆಯೂ ಅಲ್ಲ ಗೆಡ್ಡೆಯೂ ಅಲ್ಲ, ಬೇರೆಯೇ ಜಾತಿಯದು ಎಂಬ ವಿಭಾಗ ಮಾತ್ರ ಸರಿಯಾಗಿಯೇ ಇದೆ.

ಇನ್ನು ವೈದ್ಯವಚನಗಳ ಸಾರ. ಚರಕನು ಸರ್ಪಚ್ಛತ್ರಾಕವೊಂದನ್ನು ಬಿಟ್ಟು ಉಳಿದ ಬಹುವಿಧವಾದ ಛತ್ರಜಾತಿಗಳನ್ನು ಮಧುರ, ಶೀತ, ಗುರು ಎಂದೂ, ಪೀನಸವನ್ನುಂಟುಮಾಡತಕ್ಕವೆಂದೂ ಹೇಳಿ ಒಂದೇ ಮಾತಿನಲ್ಲಿ ಮುಗಿಸಿರುವನು. ಭಾವಮಿಶ್ರನು ಮೇಲಣ ಆರು ಶಾಕಗಳಲ್ಲಿ ಮೊದಲನೆಯದಕ್ಕಿಂತ ಮುಂದುಮುಂದಿನದು ಹೆಚ್ಚು ಗುರುವೆಂದಿರುವನಾಗಿ, ಅವನ ಮತದಲ್ಲಿ ಅಣಬೆಯು ಶಾಕಗಳೆಲ್ಲಕ್ಕಿಂತ ಅರಗಲು ಕಷ್ಟವಾದುದೆಂದಾಯಿತು. ಅದು ವಾಂತಿ, ಅತಿಸಾರ, ಜ್ವರ, ಕಫರೋಗಗಳನ್ನು ತರತಕ್ಕದ್ದೆಂದೂ, ಆದರೆ ಶುದ್ಧವಾದ ನೆಲ, ಕಟ್ಟಿಗೆ, ಬಿದಿರು, ಗೋಶಾಲೆಗಳಲ್ಲಿ ಹುಟ್ಟಿದ ಬಿಳಿಯವು ಅಷ್ಟಾಗಿ ದೋಷಕರವಲ್ಲವೆಂದೂ ಅವನ ನಿರ್ಣಯ. ಇವರಿಬ್ಬರಿಗಿಂತಲೂ ಸೂಕ್ಷ್ಮವಾಗಿ ವಿಚಾರಮಾಡಿದವನು ಸುಶ್ರುತ. ಅವನು ಬಣ್ಣವನ್ನೂ ಆಕಾರವನ್ನೂ ಕೇಳದೆ, ಎಲ್ಲಿ ಹುಟ್ಟಿತೆಂಬುದನ್ನು ಮೊದಲು ಕೇಳಿರುವನು. ಪಲಾಲ, ಎಂದರೆ ಒಣಹುಲ್ಲು. ಇಕ್ಷು, ಎಂದರೆ ಕಬ್ಬು. ಕರೀಷ, ಎಂದರೆ ಒಣಗಿದ ಸೆಗಣಿ. ವೇಣು, ಎಂದರೆ ಬಿದಿರು. ಕ್ಷಿತಿ, ಎಂದರೆ ನೆಲ. ಈ ಐದು ಆಶ್ರಯಗಳಿಂದ ಅಣಬೆಗಳು ಐದು ಬಗೆಯಾಗುವುವು. ಹುಲ್ಲಿನಲ್ಲಿ ಹುಟ್ಟಿದುದು ಮಧುರವೂ ರೂಕ್ಷವೂ ದೋಷಶಾಮಕವೂ ಆದುದು. ಕಬ್ಬಿನಲ್ಲಿ ಹುಟ್ಟಿದುದು ಮಧುರ, ಸ್ವಲ್ಪ ಒಗರು, ಶೀತ. ಸೆಗಣಿಯದು ಉಷ್ಣ. ಬಿದಿರಿನದು ಒಗರು, ವಾತವನ್ನು ಕೆರಳಿಸುವುದು. ನೆಲದ್ದು ಗುರು, ಮತ್ತು ಅದರ ಅನುರಸವು ಅದು ಹುಟ್ಟಿದ ಭೂಮಿಯಿಂದಲೇ ಬರತಕ್ಕದ್ದು.

ಆಶ್ರಯವನ್ನು ಹಿಡಿದು ಗುಣವನ್ನು ಹೇಳುವ ಈ ಕ್ರಮ ಎಷ್ಟು ಬೆಲೆಯುಳ್ಳದ್ದೆಂಬುದು ಅಣಬೆಯನ್ನು ಬೆಳೆಯುವ ವಿದ್ಯೆ ಬೆಳೆದ ಮೇಲೆ ಸ್ಪಷ್ಟವಾಗಿದೆ. ಇಂದು ಬೇಸಾಯದಲ್ಲಿರುವ ಅಣಬೆಗಳ ಭೇದವೆಲ್ಲ ಮುಖ್ಯವಾಗಿ ಆಶ್ರಯಭೇದವೇ. ಭತ್ತದ ಹುಲ್ಲಿನ ಮೇಲೆ ಬೆಳೆಯುವ ವಾಲ್ವೇರಿಯೆಲ್ಲಾ ಎಂಬುದು ಬಿಸಿಲುನಾಡಿನದು. ಅದನ್ನು ೧೯೪೦ರ ದಶಕದಲ್ಲಿ ಕೊಯಿಮತ್ತೂರಿನಲ್ಲಿ ಬೆಳೆದು ನೋಡಿದರು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಜಕಿಯಾ ಬಾನೋ ಮತ್ತು ಶ್ರೀವಾಸ್ತವ ಎಂಬ ವಿಜ್ಞಾನಿಗಳು ೧೯೬೨ರಲ್ಲಿ ಚಿಪ್ಪಣಬೆಯ ಒಂದು ಜಾತಿಯನ್ನು ಭತ್ತದ ಹುಲ್ಲಿನ ಮೇಲೆ ಬೆಳೆಯುವ ಬಗೆಯನ್ನು ಪ್ರಕಟಿಸಿದರು. ಇಂದು ಹಳ್ಳಿಯ ಮನೆಗಳಲ್ಲಿ ಹುಲ್ಲನ್ನು ಬಿಸಿನೀರಿನಲ್ಲಿ ಶುದ್ಧಿಮಾಡಿ, ಚೀಲಕ್ಕೆ ತುಂಬಿ, ಬಿತ್ತನೆಯಿಟ್ಟು ತೂಗುಹಾಕಿ ಬೆಳೆಯುವುದು ಈ ಚಿಪ್ಪಣಬೆಯನ್ನೇ. ಇವೆರಡೂ ಸುಶ್ರುತನ ಪಲಾಲಜವರ್ಗಕ್ಕೆ ಸೇರಿದುವು. ಕಬ್ಬಿನ ಸಿಪ್ಪೆಯ ಮೇಲೂ ಚಿಪ್ಪಣಬೆ ಬೆಳೆಯುತ್ತದೆ. ಪೇಟೆಯಲ್ಲಿ ಬಟನ್ ಎಂದು ಕರೆಯುವ ದುಂಡನೆಯ ಬಿಳಿಯ ಅಣಬೆಯು ಹುಲ್ಲನ್ನೂ ಗೊಬ್ಬರವನ್ನೂ ಸೇರಿಸಿ ಕೊಳೆಸಿದ ಕಾಂಪೋಸ್ಟಿನ ಮೇಲೆ ಬೆಳೆಯುವುದು. ಹಿಮಾಚಲದ ಸೋಲನ್ ಪಟ್ಟಣವು ಇದರಿಂದಲೇ ಪ್ರಸಿದ್ಧವಾಗಿ, ಭಾರತದ ಅಣಬೆ ಸಂಶೋಧನೆಯ ಕೇಂದ್ರಾಲಯಕ್ಕೂ ನೆಲೆಯಾಗಿದೆ. ಇದನ್ನು ಕಾರೀಷದ ದೂರದ ಬಂಧುವೆನ್ನಬಹುದು. ನಿಜವಾದ ಕಾರೀಷವು ಬೇರೆ. ಹುಲ್ಲುಗಾವಲಿನ ಸೆಗಣಿಯ ಮೇಲೆ ಮಳೆಗಾಲದಲ್ಲೇಳುವ ಕೆಲವು ಜಾತಿಗಳಲ್ಲಿ ಮನಸ್ಸನ್ನು ಭ್ರಮೆಗೊಳಿಸುವ ಸೈಲೊಸೈಬಿನ್ ಎಂಬ ದ್ರವ್ಯವಿದೆ. ಅದನ್ನು ೧೯೫೮ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ ಬೇರ್ಪಡಿಸಿದನು. ಸುಶ್ರುತನು ಸೆಗಣಿಯದನ್ನು ಉಷ್ಣವೆಂದು ಬೇರೆಮಾಡಿ ಹೇಳಿದುದಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವುದು ಸಾಹಸವಾದೀತು. ಗೋಶಾಲೆಯದು ಅಷ್ಟಾಗಿ ದೋಷಕರವಲ್ಲವೆಂಬ ಭಾವಮಿಶ್ರನ ಮಾತನ್ನಂತೂ ಎಲ್ಲ ಕಡೆಗೂ ಹಚ್ಚಕೂಡದೆಂಬುದು ನಿಶ್ಚಯ. (೧೯೬೮ರಲ್ಲಿ ವಾಸನ್ ಎಂಬ ಅಮೆರಿಕದವನು ವೇದದ ಸೋಮವು ಕೆಂಪು ಟೋಪಿಯ ಒಂದು ವಿಷದ ಅಣಬೆಯೆಂದು ದೊಡ್ಡ ಗ್ರಂಥವನ್ನೇ ಬರೆದನು. ಕಲ್ಲಿನಿಂದ ಜಜ್ಜಿ ಹಿಂಡುವ ಅಂಶುಗಳ ಮಾತು ಅಣಬೆಗೆ ಹೇಗೆ ಹೊಂದುವುದೆಂಬುದನ್ನು ಕೇಳಿದವರಿಗೆ ಆ ವಾದ ರುಚಿಸಲಿಲ್ಲ.)

ಭೂಮಿಜಗಳಲ್ಲಿ ಕನ್ನಡನಾಡಿಗೆ ಹತ್ತಿರವಾದುದು ಹುತ್ತದ ಅಣಬೆ. ಇದರ ಕುಲಕ್ಕೆ ೧೯೪೨ರಲ್ಲಿ ಫ್ರಾನ್ಸಿನ ರೋಜರ್ ಹೇಮ್ ಟರ್ಮಿಟೋಮೈಸೀಸ್ ಎಂದು ಹೆಸರಿಟ್ಟನು. ಗೆದ್ದಲಿನ ಶಿಲೀಂಧ್ರವೆಂದು ಅದರರ್ಥ. ಒಂದು ಜಾತಿಯ ಗೆದ್ದಲುಗಳು ತಾವು ತಂದ ಒಣಕಟ್ಟಿಗೆಯ ಪುಡಿಯನ್ನು ಜೇನುಗೂಡಿನಂತಹ ಹಲ್ಲೆಗಳಾಗಿ ಹುತ್ತದೊಳಗೆ ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಸಾಕುತ್ತವೆ. ಶಿಲೀಂಧ್ರವು ಕಟ್ಟಿಗೆಯನ್ನು ಅರಗಿಸಿ ಮೆತ್ತಗೆ ಮಾಡಿಕೊಡುತ್ತದೆ. ಗೆದ್ದಲು ಅದನ್ನು ತಿನ್ನುತ್ತದೆ. ಮುಂಗಾರು ಬಿದ್ದು ನೆಲ ನೆನೆದ ಮೇಲೆ ಒಳಗಿನ ಹಲ್ಲೆಯಿಂದ ಬೇರಿನಂತಹ ಉದ್ದವಾದ ಕಾಲನ್ನು ಎಳೆದುಕೊಂಡು ಅಣಬೆಯು ನೆಲವನ್ನು ಸೀಳಿ ಮೇಲೇಳುತ್ತದೆ. ಅಕ್ಕಿಕಾಳು ಚೆಲ್ಲಿದಂತೆ ಒಮ್ಮೆಗೇ ನೂರಾರು ಎದ್ದುಬರುವ ಅಕ್ಕಿ ಅಣಬೆಯೂ ಇದೇ ಕುಲದ್ದು. ಗೆದ್ದಲು ಮಾಡುವ ಈ ಬೇಸಾಯವನ್ನು ಮನುಷ್ಯನು ಇಂದಿಗೂ ಪೇಟೆಗೆ ಒದಗುವಷ್ಟು ಮಾಡಲಾರದೆ ಹೋಗಿರುವನು. ಆದುದರಿಂದ ಮಲೆನಾಡು, ಕೊಡಗು, ತುಳುನಾಡುಗಳಲ್ಲಿ ಇದು ಮಳೆಗಾಲದ ಕೆಲವು ದಿನಗಳ ಭಾಗ್ಯವಾಗಿಯೇ ಉಳಿದಿದೆ. ಕೊಡವರು ಇದನ್ನು ಕುಮ್ಮು ಎನ್ನುವರು. ಕರಾವಳಿಯಲ್ಲಿ ಕಲ್ಲಣಬೆಯೆಂಬ ಇನ್ನೊಂದುಂಟು. ಅದು ಕೊಡೆಯಾಗಿ ಅರಳುವ ಬದಲು ನೆಲದಲ್ಲಿ ಹುದುಗಿದ ಗುಂಡುಕಲ್ಲಿನಂತಿದ್ದು, ಮರದ ಬೇರಿನೊಡನೆ ಕೊಡುಕೊಳ್ಳುವ ಸಂಬಂಧದಿಂದ ಬಾಳುವುದು. ಎಳೆಯದಾಗಿ ಒಳಗೆ ಬೆಳ್ಳಗಿರುವಾಗ ಮಾತ್ರ ತಿನ್ನತಕ್ಕದ್ದು.

ಅನುರಸವು ಭೂಮಿಯಿಂದ ಬರುವುದೆಂಬ ಸುಶ್ರುತನ ಮಾತಿಗೆ ಇಲ್ಲಿ ಗಮನಕೊಡಬೇಕು. ಅಣಬೆಯು ತನ್ನ ಎಳೆಗಳಿಂದ ನೆಲದಲ್ಲಿರುವ ಲೋಹಗಳನ್ನು ಹೀರಿ ಕೂಡಿಡುವುದರಲ್ಲಿ ಅನೇಕ ಗಿಡಗಳನ್ನು ಮೀರಿಸಿದುದೆಂಬುದು ಈಗ ಸಿದ್ಧವಾದ ವಿಷಯ. ತಾಮ್ರ, ಸೆಲೆನಿಯಂಗಳಂತಹ ಬೇಕಾದ ಧಾತುಗಳೂ, ಕ್ಯಾಡ್ಮಿಯಂ ಪಾದರಸಗಳಂತಹ ಬೇಡವಾದುವೂ ಹಾಗೆಯೇ ಸೇರುತ್ತವೆ. ೧೯೮೬ರಲ್ಲಿ ಚೆರ್ನೋಬಿಲ್ಲಿನ ಅಣುಸ್ಥಾವರ ಒಡೆದಾಗ ಯೂರೋಪಿನ ಕಾಡುಗಳ ಮೇಲೆ ಬಿದ್ದ ವಿಕಿರಣಶೀಲ ಸೀಸಿಯಂ ಎಷ್ಟೋ ವರ್ಷಗಳವರೆಗೆ ಅಲ್ಲಿಯ ಕಾಡಣಬೆಗಳಲ್ಲಿಯೂ ಅವನ್ನು ತಿಂದ ಕಾಡುಹಂದಿಗಳಲ್ಲಿಯೂ ಕಂಡುಬರುತ್ತಿದ್ದಿತು. ಹೆದ್ದಾರಿಯ ಬದಿ, ಕಾರ್ಖಾನೆಯ ಹಿತ್ತಿಲು, ಗಣಿಯ ದಿಬ್ಬ, ಕೀಟನಾಶಕ ಸುರಿದ ತೋಟ ಇಲ್ಲಿ ಹುಟ್ಟಿದುದು ಜಾತಿಯಿಂದ ನಿರ್ದೋಷವಾಗಿದ್ದರೂ ಆಶ್ರಯದಿಂದ ದುಷ್ಟವಾಗಬಹುದು.

ಮಧುರ ಮತ್ತು ಗುರು ಎಂಬ ಎರಡು ವಿಶೇಷಣಗಳ ವಿಷಯದಲ್ಲಿ ಪ್ರಾಚೀನರೂ ನವೀನರೂ ಹೆಚ್ಚು ದೂರವಿಲ್ಲ. ಅಣಬೆಯ ಸಿಹಿಗೆ ಕಾರಣ ಟ್ರೆಹಲೋಸ್ ಎಂಬ ಸಕ್ಕರೆಯೂ ಮ್ಯಾನಿಟಾಲ್ ಎಂಬ ಇನ್ನೊಂದು ದ್ರವ್ಯವೂ. ಅದರ ವಿಶಿಷ್ಟವಾದ ರುಚಿಗೆ ಗ್ಲುಟಾಮಿಕ್ ಆಮ್ಲ ಕಾರಣ. ಟ್ರೆಹಲೋಸನ್ನು ಒಡೆಯುವ ಪಾಚಕರಸ ಕೆಲವರ ಕರುಳಿನಲ್ಲಿ ಸಾಲದಾದ್ದರಿಂದ ಅಂತಹವರಿಗೆ ಹೊಟ್ಟೆಯುಬ್ಬರ ಭೇದಿಗಳಾಗುತ್ತವೆ. ಕೈಟಿನ್ನಿನ ಗೋಡೆಯಾದರೋ ಯಾರಿಗೂ ಸುಲಭವಾಗಿ ಅರಗತಕ್ಕದ್ದಲ್ಲ. ಗುರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕಿಲ್ಲ. ಹಸಿಯಾಗಿ ತಿನ್ನದೆ ಚೆನ್ನಾಗಿ ಬೇಯಿಸುವುದಕ್ಕೆ ಇನ್ನೂ ಕಾರಣಗಳುಂಟು. ಬಟನ್ ಅಣಬೆಯಲ್ಲಿರುವ ಅಗಾರಿಟಿನ್ ಎಂಬ ಸಂದೇಹಾಸ್ಪದವಾದ ದ್ರವ್ಯವು ಬೇಯಿಸಿದಾಗ ಬಹುಮಟ್ಟಿಗೆ ಕಡಮೆಯಾಗುವುದು. ಜಪಾನಿನ ಶಿಟಾಕೆ ಅಣಬೆಯನ್ನು ಅರೆಬೇಯಿಸಿ ತಿಂದ ಕೆಲವರಿಗೆ ಚಾಟಿಯಿಂದ ಹೊಡೆದಂತೆ ಮೈಮೇಲೆ ಬಾಸುಂಡೆಗಳೇಳುವುದನ್ನು ೧೯೭೭ರಲ್ಲಿ ಆ ದೇಶದ ವೈದ್ಯರೇ ವರ್ಣಿಸಿರುವರು.

ಪೀನಸವನ್ನು ಕುರಿತ ಚರಕನ ಮಾತು ಬೇರೆ. ಚಿಪ್ಪಣಬೆಯ ಬೇಸಾಯದ ಕೋಣೆಗಳಲ್ಲಿ ಕೆಲಸಮಾಡುವವರಿಗೆ ಗಾಳಿಯಲ್ಲಿ ತುಂಬಿದ ರೇಣುಗಳಿಂದ ನೆಗಡಿ, ಕೆಮ್ಮು, ಶ್ವಾಸಕೋಶದ ಉರಿ ಬರುವುದು ನಿಜ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದೆ ಒಳಗೆ ಹೋಗಬಾರದೆಂಬುದು ಅವರ ಮೊದಲ ನಿಯಮ. ಇದನ್ನೇ ಚರಕನು ಕಂಡಿದ್ದನೆಂದು ಸಂಭ್ರಮಿಸುವವರು ಸ್ವಲ್ಪ ನಿಲ್ಲಬೇಕು. ಚರಕನು ಹೇಳಿದುದು ತಿಂದುದರ ಫಲವನ್ನು, ಇದು ಉಸಿರಾಡಿದುದರ ಫಲ. ಮಳೆಗಾಲದಲ್ಲಿ ಹುಟ್ಟುವ ಶೀತದ್ರವ್ಯದಿಂದ ಕಫವು ಹೆಚ್ಚುವುದೆಂಬ ಸಾಮಾನ್ಯ ಸಿದ್ಧಾಂತದಿಂದಲೇ ಆ ಮಾತು ಹೊರಟಿರಬಹುದು. ಪ್ರಾಚೀನರ ಗೌರವವು ಇಂತಹ ಬಲಾತ್ಕಾರದ ಸಮನ್ವಯಗಳಿಂದ ಹೆಚ್ಚುವುದಿಲ್ಲ.

ಪೋಷಣೆಯ ವಿಷಯಕ್ಕೆ ಬಂದರೆ, ಮಾಂಸಸಮವೆಂಬ ಪ್ರಶಂಸೆಯನ್ನು ಲೆಕ್ಕದಿಂದ ಅಳೆಯುವುದು ಯುಕ್ತ. ೧೦೦ ಗ್ರಾಂ ಹಸಿಯ ಬಟನ್ ಅಣಬೆಯಲ್ಲಿ ೯೨ ಗ್ರಾಮಿಗೂ ಮಿಕ್ಕು ನೀರೇ. ಪ್ರೋಟೀನು ಸುಮಾರು ೩ ಗ್ರಾಂ, ಕೊಬ್ಬು ಅರ್ಧ ಗ್ರಾಮಿಗಿಂತ ಕಡಮೆ, ಶಕ್ತಿ ೨೨ ಕಿಲೋಕ್ಯಾಲೊರಿ. ಒಣಗಿಸಿ ತೂಗಿದರೆ ನೂರಕ್ಕೆ ೨೦ರಿಂದ ೩೦ರವರೆಗೆ ಪ್ರೋಟೀನು ಕಾಣುತ್ತದೆಂಬುದು ನಿಜ. ಆದರೆ ಒಣಗಿದ ಅಣಬೆಯನ್ನು ಹಸಿಯ ಮಾಂಸದೊಡನೆ ಹೋಲಿಸುವುದು ನ್ಯಾಯವಲ್ಲ. ಇನ್ನೂ ಒಂದು ಸೂಕ್ಷ್ಮವುಂಟು. ಪ್ರೋಟೀನನ್ನು ನೇರವಾಗಿ ತೂಗದೆ, ಅದರಲ್ಲಿರುವ ಸಾರಜನಕವನ್ನು ಅಳೆದು ೬.೨೫ರಿಂದ ಗುಣಿಸಿ ತಿಳಿಯುವುದು ರೂಢಿ. ಅಣಬೆಯಲ್ಲಿಯಾದರೋ ಅರಗದ ಕೈಟಿನ್ನಿನಲ್ಲಿಯೂ ಸಾರಜನಕವಿರುವುದರಿಂದ ಆ ಗುಣಕವು ಲೆಕ್ಕವನ್ನು ಉಬ್ಬಿಸುತ್ತದೆ. ಆದಕಾರಣ ತಿಳಿದವರು ೪.೩೮ರಿಂದ ಗುಣಿಸುವರು. ಒಬ್ಬನು ೫೦ ಗ್ರಾಂ ತೊಗರಿಬೇಳೆಯ ಹುಳಿಯಿಂದ ಪಡೆಯುವ ೧೧ ಗ್ರಾಂ ಪ್ರೋಟೀನನ್ನು ಅಣಬೆಯಿಂದಲೇ ಪಡೆಯಬೇಕಾದರೆ ೩೫೦ ಗ್ರಾಮಿಗೆ ಕಡಮೆಯಿಲ್ಲದಷ್ಟನ್ನು ತಿನ್ನಬೇಕಾದೀತು. ಬೇಳೆಯನ್ನು ಬಿಟ್ಟು ಅಣಬೆಯನ್ನು ಹಿಡಿಯೆಂದು ಬಡವನಿಗೆ ಉಪದೇಶಿಸುವವರು ಈ ಲೆಕ್ಕವನ್ನು ನೋಡಬೇಕು. ಬಿ೧೨ ಜೀವಸತ್ವವೂ ಅಣಬೆಯಲ್ಲಿ ನಂಬಿ ಕೂಡುವಷ್ಟಿಲ್ಲ.

ಹಾಗಾದರೆ ಅಣಬೆಯ ಹಿತವೇನು? ಅದು ಬೇಳೆಯ ಸ್ಥಾನದಲ್ಲಲ್ಲ, ಕಾಯಿಪಲ್ಯದ ಸ್ಥಾನದಲ್ಲಿದೆ. ಅಲ್ಲಿ ಅದು ಶ್ರೇಷ್ಠವೇ ಸರಿ. ಶಕ್ತಿ ಕಡಮೆಯಾಗಿ, ಪಿಷ್ಟವಿಲ್ಲದೆ, ಹೊಟ್ಟೆ ತುಂಬಿದ ತೃಪ್ತಿಯನ್ನು ಕೊಡುವುದರಿಂದ ಸ್ಥೂಲಕಾಯರಿಗೂ ಮಧುಮೇಹಿಗಳಿಗೂ ಯೋಗ್ಯ. ಉಪ್ಪಿನ ಅಂಶ ಅತ್ಯಲ್ಪ, ಪೊಟ್ಯಾಸಿಯಂ ೧೦೦ ಗ್ರಾಮಿಗೆ ೩೦೦ ಮಿಲಿಗ್ರಾಮಿಗಿಂತ ಹೆಚ್ಚು. ಆದಕಾರಣ ರಕ್ತದೊತ್ತಡವುಳ್ಳವರಿಗೆ ಹಿತ, ಮೂತ್ರಪಿಂಡ ಕೆಟ್ಟು ಪೊಟ್ಯಾಸಿಯಂ ನಿಷಿದ್ಧವಾದವರಿಗೆ ಅಹಿತ. ನಯಾಸಿನ್, ರೈಬೋಫ್ಲೇವಿನ್ ಎಂಬ ಬಿ ಜೀವಸತ್ವಗಳು ಬೇರೆ ತರಕಾರಿಗಳಿಗಿಂತ ಹೆಚ್ಚಾಗಿವೆ. ಎರ್ಗೋಥಯೋನೀನ್ ಎಂಬ ದ್ರವ್ಯವೊಂದುಂಟು. ಅದನ್ನು ೧೯೦೯ರಲ್ಲಿ ಫ್ರಾನ್ಸಿನ ತಾನ್ರೆ ಎಂಬವನು ರೈ ಧಾನ್ಯಕ್ಕೆ ಹತ್ತುವ ಎರ್ಗಟ್ ಶಿಲೀಂಧ್ರದಲ್ಲಿ ಕಂಡನು. ನಮ್ಮ ಶರೀರವು ಅದನ್ನು ತಾನೇ ತಯಾರಿಸಲಾರದಾದರೂ, ಅದನ್ನು ಜೀವಕೋಶದೊಳಕ್ಕೆ ಒಯ್ಯುವುದಕ್ಕಾಗಿಯೇ ಎಂಬಂತೆ ಒಂದು ವಾಹಕವನ್ನಿಟ್ಟುಕೊಂಡಿದೆಯೆಂಬುದು ೨೦೦೫ರಲ್ಲಿ ತಿಳಿದುಬಂದಿತು. ಮನುಷ್ಯನ ಆಹಾರಗಳಲ್ಲಿ ಅದು ಹೇರಳವಾಗಿರುವುದು ಅಣಬೆಯಲ್ಲಿಯೇ. ಅದು ಶರೀರದಲ್ಲಿ ಮಾಡುವ ಕಾರ್ಯದ ನಿರ್ಣಯ ಮಾತ್ರ ಇನ್ನೂ ನಡೆಯುತ್ತಿದೆ.

ಇವೆಲ್ಲಕ್ಕಿಂತ ಗೃಹಸ್ಥನಿಗೆ ನೇರವಾಗಿ ಉಪಯೋಗಕ್ಕೆ ಬರತಕ್ಕದ್ದು ಡಿ ಜೀವಸತ್ವದ ಸಂಗತಿ. ಅಣಬೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಸ್ನೇಹದ್ರವ್ಯವಿದೆ. ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಅದು ಡಿ ಜೀವಸತ್ವದ ಎರಡನೆಯ ಪ್ರಭೇದವಾಗಿ ಮಾರ್ಪಡುತ್ತದೆ. ಕತ್ತಲ ಕೋಣೆಯಲ್ಲಿ ಬೆಳೆದು ಪೊಟ್ಟಣದಲ್ಲಿ ಬರುವ ಅಣಬೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಮೆ. ಅದನ್ನೇ ಹೆಚ್ಚಿ, ಮಧ್ಯಾಹ್ನದ ಬಿಸಿಲಿನಲ್ಲಿ ಕಾಲುಗಂಟೆಯಿಂದ ಒಂದು ಗಂಟೆಯವರೆಗೆ ಹರಡಿದರೆ, ೧೦೦ ಗ್ರಾಮಿಗೆ ಸಾಮಾನ್ಯವಾಗಿ ೧೦ ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಹುಟ್ಟುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೨೦ರಲ್ಲಿ ವಯಸ್ಕರಿಗೆ ದಿನವೊಂದಕ್ಕೆ ಹೇಳಿದ ಪ್ರಮಾಣ ೧೫ ಮೈಕ್ರೋಗ್ರಾಂ. ಮೀನು ಮೊಟ್ಟೆಗಳನ್ನು ತಿನ್ನದವರಿಗೆ ಈ ಜೀವಸತ್ವವು ಆಹಾರದಿಂದ ದೊರೆಯುವ ದಾರಿಗಳು ಬಹಳ ಕಡಮೆಯಿರುವುದರಿಂದ, ಖರ್ಚಿಲ್ಲದ ಈ ಸಂಸ್ಕಾರ ಸ್ಮರಣೀಯವಾದುದು. ಗಾಜಿನ ಕಿಟಕಿಯ ಒಳಗಿಟ್ಟ ಬಿಸಿಲು ಸಾಲದು. ಗಾಜು ಆ ಕಿರಣವನ್ನು ತಡೆಯುತ್ತದೆ.

ಔಷಧಗುಣದ ವಾದಕ್ಕೆ ಆಧಾರವೇ ಇಲ್ಲವೆನ್ನುವಂತಿಲ್ಲ. ಶಿಟಾಕೆ ಅಣಬೆಯಿಂದ ಲೆಂಟಿನಾನ್ ಎಂಬ ಬೀಟಾಗ್ಲೂಕನ್ನನ್ನು ಜಪಾನಿನ ಚಿಹಾರಾ ಮೊದಲಾದವರು ಬೇರ್ಪಡಿಸಿ, ಅದು ಇಲಿಗಳಲ್ಲಿ ಗೆಡ್ಡೆಗಳನ್ನು ತಗ್ಗಿಸಿತೆಂದು ೧೯೬೯ರಲ್ಲಿ ಪ್ರಕಟಿಸಿದರು. ೧೯೮೫ರಲ್ಲಿ ಜಪಾನಿನ ಸರ್ಕಾರವು ಹೊಟ್ಟೆಯ ಅರ್ಬುದದಲ್ಲಿ ಇತರ ಔಷಧಗಳೊಡನೆ ಸಹಾಯಕವಾಗಿ ಅದನ್ನು ಕೊಡಲು ಒಪ್ಪಿತು. ಇಲ್ಲಿ ಎರಡು ಮಾತುಗಳನ್ನು ಮರೆಯಬಾರದು: ಕೊಟ್ಟುದು ಶುದ್ಧಿಮಾಡಿದ ದ್ರವ್ಯವನ್ನು ರಕ್ತನಾಳದಲ್ಲಿ ಚುಚ್ಚಿ, ತಟ್ಟೆಯಲ್ಲಿ ಬಡಿಸಿದ ಪಲ್ಯವನ್ನಲ್ಲ, ಮತ್ತು ಕೊಟ್ಟುದು ಮುಖ್ಯ ಚಿಕಿತ್ಸೆಯ ಜೊತೆಗೆ, ಅದರ ಬದಲಿಗಲ್ಲ. ಚೀನದವರು ಲಿಂಗ್‌ಝಿಯೆನ್ನುವ ಮರದಂತೆ ಗಟ್ಟಿಯಾದ ಅಣಬೆಯ ವಿಷಯದಲ್ಲಿ ನಡೆದ ಪರೀಕ್ಷೆಗಳನ್ನೆಲ್ಲ ಕಲೆಹಾಕಿ ೨೦೧೨ರಲ್ಲಿ ಕಾಕ್ರೇನ್ ಸಂಸ್ಥೆಯು ಮಾಡಿದ ವಿಮರ್ಶೆಯು, ಅರ್ಬುದಕ್ಕೆ ಅದನ್ನು ಮೊದಲ ಚಿಕಿತ್ಸೆಯಾಗಿ ಕೊಡಲು ಸಾಕಾದಷ್ಟು ಪ್ರಮಾಣವಿಲ್ಲವೆಂದಿತು. ಚಿಪ್ಪಣಬೆಯಲ್ಲಿ ಕೊಲೆಸ್ಟರಾಲನ್ನು ತಗ್ಗಿಸುವ ಲೊವಾಸ್ಟಾಟಿನ್ ಇದೆಯೆಂಬುದು ನಿಜ. ಆದರೆ ಅದರ ಪ್ರಮಾಣ ತಳಿಯಿಂದ ತಳಿಗೆ, ಆಶ್ರಯದಿಂದ ಆಶ್ರಯಕ್ಕೆ ಬದಲಾಗುವುದರಿಂದ ವೈದ್ಯನು ಅದನ್ನು ಮಾತ್ರೆಯಂತೆ ಅಳೆದು ಕೊಡುವಂತಿಲ್ಲ. ಅರ್ಬುದರೋಗಿಯು ಪು‌ಡಿಯನ್ನು ನಂಬಿ ಆಸ್ಪತ್ರೆಯನ್ನು ಬಿಟ್ಟರೆ ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ, ವಾಸಿಯಾಗಬಹುದಾಗಿದ್ದ ಕಾಲವನ್ನು.

ಕೊನೆಯದಾಗಿ ವಿಷದ ವಿಚಾರ. ಭಾವಮಿಶ್ರನು ಹೇಳಿದ ವಾಂತಿ ಅತಿಸಾರಗಳಿಗೆ ಇಂದು ನಮ್ಮ ಹುಲ್ಲುಹಾಸುಗಳಲ್ಲಿಯೇ ಉದಾಹರಣೆಯುಂಟು. ಮಳೆ ಬಿದ್ದ ಮೇಲೆ ಉದ್ಯಾನ ಮೈದಾನಗಳಲ್ಲಿ ಏಳುವ, ತಟ್ಟೆಯಷ್ಟಗಲದ, ಮೇಲೆ ಬೆಳ್ಳಗೆ ಕಂದು ಹಕ್ಕಳೆಗಳುಳ್ಳ ಕ್ಲೋರೊಫಿಲಮ್ ಎಂಬುದು ನೋಡಲು ಚೆಲುವಾದುದೇ; ಬಲಿತ ಮೇಲೆ ಕೆಳಗಿನ ಪದರಗಳು ಹಸುರಾಗುತ್ತವೆ. ತಿಂದ ಕೆಲವು ಗಂಟೆಗಳೊಳಗೇ ತೀವ್ರವಾದ ವಾಂತಿಭೇದಿಗಳಾಗುತ್ತವೆ. ಇದು ಬಿಳಿಯದು, ಶುದ್ಧವಾದ ನೆಲದಲ್ಲಿಯೇ ಹುಟ್ಟಿದುದು. ಬಿಳಿಯವು ನಿರ್ದೋಷವೆಂಬ ಸೂತ್ರ ಇಲ್ಲಿಗೇ ಮುರಿಯಿತು. ಅಮಾನಿಟಾ ಎಂಬ ಕುಲದ ಕೆಲವು ಜಾತಿಗಳಲ್ಲಿ ಅದು ಪ್ರಾಣಾಂತಕವೇ ಆಗುತ್ತದೆ. ಅಣಬೆಯಿಂದಾಗುವ ಮರಣಗಳಲ್ಲಿ ಬಹುಭಾಗ ಈ ಕುಲದ್ದು; ಅವುಗಳಲ್ಲಿ ಕೆಲವು ಹಾಲಿನಂತೆ ಅಚ್ಚ ಬಿಳುಪು. ೨೦೨೨ರ ಏಪ್ರಿಲ್ ತಿಂಗಳಲ್ಲಿ ಅಸ್ಸಾಮಿನ ಮೇಲಣ ಜಿಲ್ಲೆಗಳಲ್ಲಿ ಕಾಡಣಬೆಯನ್ನು ತಿಂದು ಕೆಲವೇ ದಿನಗಳೊಳಗೆ ಹತ್ತಕ್ಕೂ ಹೆಚ್ಚು ಮಂದಿ ಸತ್ತರು; ಅವರಲ್ಲಿ ಬಹುಮಂದಿ ಚಹಾತೋಟಗಳ ಕೂಲಿಕಾರರ ಕುಟುಂಬದವರು, ಮಕ್ಕಳೂ ಇದ್ದರು.

ಬೆಳ್ಳಿಯ ಚಮಚ ಕಪ್ಪಾಗದಿದ್ದರೆ, ಅರಿಸಿನದ ಬಣ್ಣ ತಿರುಗದಿದ್ದರೆ, ಜೊತೆಗೆ ಬೆಂದ ಅಕ್ಕಿ ಕೆಂಪಾಗದಿದ್ದರೆ, ಹುಳು ಕಚ್ಚಿದ್ದರೆ ತಿನ್ನಬಹುದೆಂಬ ಪರೀಕ್ಷೆಗಳು ಎಲ್ಲ ದೇಶಗಳಲ್ಲಿಯೂ ಇವೆ, ಎಲ್ಲವೂ ನಿರಾಧಾರ. ಅಮಾನಿಟಾದ ವಿಷವು ಬೆಳ್ಳಿಯನ್ನು ಕಪ್ಪು ಮಾಡುವುದಿಲ್ಲ, ಬೇಯಿಸಿದರೂ ಒಣಗಿಸಿದರೂ ನಾಶವಾಗುವುದಿಲ್ಲ. ಅಜ್ಜಿಯರು ಹುತ್ತದ ಅಣಬೆಯನ್ನು ಮೋಸಹೋಗದೆ ಆಯುತ್ತಿದ್ದುದು ಈ ಪರೀಕ್ಷೆಗಳ ಬಲದಿಂದಲ್ಲ. ಇಂತಹ ಹುತ್ತದಲ್ಲಿ, ಇಂತಹ ಮಳೆಯ ಮೇಲೆ, ಇಂತಹ ಕಾಲುಳ್ಳ ಇದೊಂದೇ ಎಂದು ಜಾತಿಯನ್ನೇ ಗುರುತಿಸಿ, ಉಳಿದುದನ್ನೆಲ್ಲ ನಾಯಿಕೊಡೆಯೆಂದು ಒದ್ದು ಹೋಗುತ್ತಿದ್ದುದರಿಂದ. ಚರಕನ ಸರ್ಪಚ್ಛತ್ರಾಕ ಯಾವುದೆಂಬ ಪ್ರಶ್ನೆಗೂ ಇದರಿಂದ ಒಂದು ಎಲ್ಲೆ ಸಿಕ್ಕುತ್ತದೆ. ಸರ್ಪವಿರುವ ಸ್ಥಳದ ಛತ್ರಾಕವೆಂದು ಸಮಾಸವನ್ನು ಬಿಡಿಸಿದರೆ ಹುತ್ತದ ಅಣಬೆಯೇ ವರ್ಜ್ಯವಾಗಬೇಕಾಗುತ್ತದೆ. ಅದು ಅನುಭವಕ್ಕೆ ವಿರುದ್ಧ. ಸರ್ಪದಂತೆ ಹೆಡೆಯುಳ್ಳದ್ದು ಅಥವಾ ಸರ್ಪದಂತೆ ಕೊಲ್ಲತಕ್ಕದ್ದು ಎಂಬರ್ಥವೇ ಯುಕ್ತವಾಗಿ ತೋರುತ್ತದೆ. ಇಂತಹ ಜಾತಿಯೇ ಎಂದು ಅದಕ್ಕೆ ಇಂದಿನ ಹೆಸರನ್ನು ಕಟ್ಟಲು ಮಾತ್ರ ಗ್ರಂಥದಲ್ಲಿ ಲಕ್ಷಣಗಳಿಲ್ಲ.

ಸುಶ್ರುತನ ಪ್ರಶ್ನೆ ಪ್ರಾಣವನ್ನುಳಿಸಬಲ್ಲದೆಂಬುದಕ್ಕೆ ಒಂದು ದೃಷ್ಟಾಂತ. ಭತ್ತದ ಹುಲ್ಲಿನ ಅಣಬೆಯೂ ಅಮಾನಿಟಾವೂ ಎಳೆಯದಾಗಿದ್ದಾಗ ಮೊಟ್ಟೆಯಂತಹ ಚೀಲದೊಳಗಿರುತ್ತವೆ. ಚೀಲವು ಒಡೆದ ಮೇಲೆ ಎರಡರ ಬುಡದಲ್ಲಿಯೂ ಬಟ್ಟಲಿನಂತೆ ಉಳಿಯುತ್ತದೆ. ಏಷ್ಯದಿಂದ ಅಮೆರಿಕ ಆಸ್ಟ್ರೇಲಿಯಗಳಿಗೆ ಹೋದವರು ತಮ್ಮ ಊರಿನ ಹುಲ್ಲಿನ ಅಣಬೆಯೆಂದು ಭ್ರಮಿಸಿ ಅಲ್ಲಿಯ ಅಮಾನಿಟಾವನ್ನು ಕಿತ್ತು ತಿಂದುದುಂಟು. ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದಲ್ಲಿ ೨೦೧೧ರ ವರ್ಷದ ಕೊನೆಯ ರಾತ್ರಿ ಅಂತಹ ಅಣಬೆಯ ಅಡಿಗೆಯನ್ನುಂಡವರಲ್ಲಿ ಇಬ್ಬರು ಕೆಲವು ದಿನಗಳಲ್ಲಿ ತೀರಿಹೋದರು. ಎರಡರ ಆಕಾರ ಒಂದೇ, ಆಶ್ರಯ ಬೇರೆ. ಒಂದು ಕೊಳೆಯುವ ಹುಲ್ಲಿನದು, ಇನ್ನೊಂದು ಓಕ್ ಮೊದಲಾದ ಮರಗಳ ಬೇರಿಗೆ ಹೆಣೆದುಕೊಂಡು ನೆಲದಿಂದೇಳತಕ್ಕದ್ದು. ಪಲಾಲಜವೋ ಕ್ಷಿತಿಜವೋ ಎಂದು ಕೇಳಿದ್ದರೆ ಆ ಭ್ರಮೆ ಅಲ್ಲಿಗೇ ಹರಿಯುತ್ತಿದ್ದಿತು. ಹೀಗೆಂದು ಆಶ್ರಯವೊಂದೇ ಸಾಕೆಂದು ತಿಳಿಯಲಾಗದು. ಹುಲ್ಲಿನ ಮೆದೆಯಲ್ಲಿಯೂ ಬಿತ್ತದೆ ಬರುವ, ಒಂದೇ ದಿನದಲ್ಲಿ ಮಸಿಯಾಗಿ ಕರಗುವ ಬೇರೆ ಅಣಬೆಗಳು ಏಳುತ್ತವೆ. ಆಶ್ರಯವು ಮೊದಲ ಪ್ರಶ್ನೆ, ಜಾತಿಯ ನಿಶ್ಚಯ ಎರಡನೆಯದು. ಎರಡಕ್ಕೂ ಉತ್ತರ ತಿಳಿದವನೇ ಕಾಡಣಬೆಗೆ ಅಧಿಕಾರಿ. ಉಳಿದವರಿಗೆ ಬೇಸಾಯದ ಅಣಬೆಯುಂಟು.

ಈ ವಿಷದ ಅತ್ಯಂತ ಕ್ರೂರವಾದ ಗುಣವು ಅದರ ತಡ. ತಿಂದ ೬ ಗಂಟೆಗಳಿಂದ ೨೪ ಗಂಟೆಗಳವರೆಗೆ ಏನೂ ತೋರುವುದಿಲ್ಲ. ಆಮೇಲೆ ವಾಂತಿಭೇದಿಗಳಾಗಿ, ಮರುದಿನ ಗುಣವಾದಂತೆ ತೋರಿ ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಮೂರನೆಯ ದಿನದಿಂದ ಕಾಮಾಲೆ, ರಕ್ತಸ್ರಾವ, ಪ್ರಜ್ಞಾನಾಶಗಳಾಗಬಹುದು. ಆದಕಾರಣ ಕಾಡಣಬೆಯನ್ನು ತಿಂದು ಆರು ಗಂಟೆಗಳ ಮೇಲೆ ವಾಂತಿ ಮೊದಲಾದರೆ, ಬೇಗನೆ ಮೊದಲಾದುದಕ್ಕಿಂತಲೂ ಅದು ಹೆಚ್ಚು ಭಯಂಕರವೆಂದು ತಿಳಿದು, ವಾಂತಿ ನಿಂತಿತೆಂದು ನೆಚ್ಚದೆ, ರೋಗಿಯನ್ನೂ ಅದೇ ಪಂಕ್ತಿಯಲ್ಲಿ ಉಂಡ ಉಳಿದವರನ್ನೂ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಬೇಯಿಸದೆ ಉಳಿದ ಅಣಬೆಯೊಂದಿದ್ದರೆ ಬುಡದ ಸಮೇತ ಕಾಗದದಲ್ಲಿ ಸುತ್ತಿ ಜೊತೆಗೆ ತೆಗೆದುಕೊಂಡು ಹೋಗಬೇಕು, ಅದು ಯಾವುದರ ಮೇಲೆ ಬೆಳೆದಿತ್ತೆಂಬುದನ್ನೂ ವೈದ್ಯನಿಗೆ ಹೇಳಬೇಕು.